ಕೊನೆಯ ಸೆಕೆಂಡಿಗೆ ಬೆನ್ನು ಹಾಕಿದವರು

ಬೆಂಗಳೂರಿನ ಈ ಪಡುವಣ ಭಾಗದಲ್ಲಿ, ಅಂದರೆ ರಾಜಾಜಿನಗರದಿಂದ ಹಿಡಿದು ಕೆಂಗೇರಿಯವರೆಗೆ, ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಕೊನೆಯ ಸೆಕೆಂಡಿನಲ್ಲಿ ಬಿದ್ದ ಬ್ಯಾಸ್ಕೆಟ್ಟುಗಳ ಬಗ್ಗೆ ನನ್ನ ಷಡ್ಡಕರಿಗೆ ಗೊತ್ತಿರುವಷ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ಯಾವ ಹುಡುಗ ಯಾವ ಕೈಯಲ್ಲಿ ಎಸೆದ, ಚೆಂಡು ಬೋರ್ಡಿಗೆ ತಾಗಿ ಬಿತ್ತೋ ತಾಗದೆ ಬಿತ್ತೋ, ಬಿದ್ದ ಮೇಲೆ ಎದುರು ತಂಡದ ಕೋಚು ಕುರ್ಚಿ ಒದ್ದರೋ ನೀರಿನ ಕ್ಯಾನು ಒದ್ದರೋ, ಎಲ್ಲವೂ ಅವರ ನಾಲಗೆಯ ತುದಿಯಲ್ಲಿದೆ. ಮೂವತ್ತೈದು ವರ್ಷಗಳ ಚರಿತ್ರೆ! ಅದರಲ್ಲಿ ಒಂದನ್ನೂ ಅವರು ಕಣ್ಣಿನಿಂದ ನೋಡಿಲ್ಲ ಎನ್ನುವುದು ಮಾತ್ರ ಸಣ್ಣದೊಂದು ಕೊರತೆ.

ಪಂದ್ಯಕ್ಕೆ ಹೋಗಿರಲಿಲ್ಲವೇ ಎಂದು ನೀವು ಕೇಳಬಹುದು. ಹೋಗಿದ್ದರು. ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಹೋಗಿ, ಕಡಲೆಕಾಯಿ ಪೊಟ್ಟಣ ಹಿಡಿದು, ಮುಂದಿನ ಸಾಲಿನಲ್ಲೇ ಕೂತಿದ್ದರು. ಹಾಗಾದರೆ ಕಣ್ಣು ಮಂಜೇ? ಐವತ್ತು ದಾಟುವವರೆಗೆ ಅವರಿಗೆ ಕನ್ನಡಕವೇ ಇರಲಿಲ್ಲ. ಸಂಗತಿ ಇಷ್ಟೇ: ಕೊನೆಯ ಸೆಕೆಂಡು ಹತ್ತಿರ ಬರುತ್ತಿದ್ದಂತೆ ಅವರು ಎದ್ದು ಆಟಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ತಾವು ನೋಡಿದರೆ ತಮ್ಮ ತಂಡ ಸೋಲುತ್ತದೆ, ನೋಡದಿದ್ದರೆ ಗೆಲ್ಲುತ್ತದೆ ಎಂಬುದು ಅವರ ಸಿದ್ಧಾಂತ.

ಷಡ್ಡಕರು ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಹೆಂಡತಿ ಅವರನ್ನು ಭಾವ ಅನ್ನುತ್ತಾಳೆ. ಕೇಳಿ ಕೇಳಿ ನನಗೂ ಅವರು ಭಾವನೇ ಆಗಿಬಿಟ್ಟಿದ್ದಾರೆ. ಕುರುಬರಹಳ್ಳಿಯ ಹಳೆಯ ಒಕ್ಕಲು ಮನೆತನ. ಅವರ ತಾತ ಅವರೆಕಾಯಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ ಬೆಳೆದಿದೆ. ಅದರ ಕೆಳಗೆ ಭಾವನ ಪೈಪು-ನಲ್ಲಿಗಳ ಅಂಗಡಿ. ಅಂಗಡಿಯಲ್ಲಿ ಕೂತಾಗ ಅವರಷ್ಟು ವ್ಯವಹಾರಸ್ಥರಿಲ್ಲ, ಅವರಷ್ಟು ತರ್ಕಬದ್ಧವಾಗಿ ಮಾತನಾಡುವವರಿಲ್ಲ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ದಾರಿ ಬಿಟ್ಟು ಮುಂದೆ ಹೋಗುತ್ತಾರೆ. ರಾಹುಕಾಲದಲ್ಲೇ ಹೊಸ ಸ್ಟಾಕ್ ಇಳಿಸಿಕೊಳ್ಳುತ್ತಾರೆ. ಅವರ ಮೂಢನಂಬಿಕೆ ಒಂದೇ ಒಂದು. ಆದರೆ ಅದನ್ನು ಹತ್ತು ಜನಕ್ಕೆ ಹಂಚುವಷ್ಟು ನಂಬುತ್ತಾರೆ.

ಅವರನ್ನು ನೋಡಿ ನಗುವ ಯೋಗ್ಯತೆ ನನಗಿದೆಯೇ? ಅದನ್ನೂ ಹೇಳಿಬಿಡಬೇಕು. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಮೆಟ್ರೋ ಹತ್ತಿದ ಮೇಲೆ ಮುಂದಿನ ನಿಲ್ದಾಣದಲ್ಲಿ ಇಳಿದು, ಬಸವೇಶ್ವರನಗರದ ಮನೆಗೆ ವಾಪಸ್ ಓಡಿಬರುವ ಪೈಕಿ ನಾನು. ಬಂದು ನೋಡಿದರೆ ಗ್ಯಾಸ್ ಆಫ್ ಆಗಿರುತ್ತದೆ. ಬಾಗಿಲು ಹಾರು ಹೊಡೆದಿರುತ್ತದೆ!

ಭಾವನ ಸಿದ್ಧಾಂತ ಹುಟ್ಟಿದ್ದು ಅವರು ರಾಜಾಜಿನಗರದ ಒಂದು ಕಾಲೇಜಿನಲ್ಲಿ ಎರಡನೇ ಬಿ.ಕಾಂ. ಓದುತ್ತಿದ್ದಾಗ. ಆರಡಿ ಎತ್ತರವಿದ್ದರೂ ಅವರು ಆಟಗಾರರಲ್ಲ. ಚೆಂಡು ತಮ್ಮ ಕಡೆ ಬಂದರೆ ಗೌರವದಿಂದ ಪಕ್ಕಕ್ಕೆ ಸರಿದು ದಾರಿ ಕೊಡುತ್ತಿದ್ದರಂತೆ. ಹೀಗಾಗಿ ಅಭಿಮಾನಿಯಾದರು. ಆ ವರ್ಷ ಅವರ ಕಾಲೇಜು ಫೈನಲ್ಲಿಗೆ ಬಂತು. ಸಿಮೆಂಟಿನ ಕೋರ್ಟು, ಸುತ್ತಲೂ ಜನ. ನಾಲ್ಕು ಸೆಕೆಂಡು ಉಳಿದಿದೆ, ಇವರ ಕಾಲೇಜು ಒಂದು ಪಾಯಿಂಟು ಹಿಂದೆ. ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಇವರು ತಡೆಯಲಾರದೆ ಹಿಂದಿನ ಗೋಡೆಯ ಕಡೆ ತಿರುಗಿಬಿಟ್ಟರು. ಗೋಡೆಯ ಮೇಲೆ ಬನಿಯನ್ನಿನ ಜಾಹೀರಾತು ಬರೆದಿತ್ತು. ಅದರ ಅಕ್ಷರಗಳನ್ನು ಒಂದೊಂದಾಗಿ ಓದುತ್ತಾ ನಿಂತಾಗ ಹಿಂದಿನಿಂದ ಒಂದು ಸದ್ದು: ಸರಕ್! ಚೆಂಡು ನೆಟ್ಟಿನೊಳಗೆ ಜಾರಿದ ಸದ್ದು. ತಿರುಗಿ ನೋಡುವಷ್ಟರಲ್ಲಿ ಇವರ ಕಾಲೇಜು ಗೆದ್ದಿತ್ತು, ಕ್ಯಾಪ್ಟನ್ ಯಾರದೋ ಹೆಗಲ ಮೇಲಿದ್ದ.

ಒಂದು ಸಲ ಆದದ್ದು ಕಾಕತಾಳೀಯ ಎನ್ನಬಹುದು. ಭಾವನೂ ಹಾಗೆಯೇ ಅಂದುಕೊಂಡರು. ಹೇಳಿದೆನಲ್ಲ, ಅವರು ತರ್ಕಬದ್ಧ ಮನುಷ್ಯ. ಆದ್ದರಿಂದ ಮರುವರ್ಷ ಪರೀಕ್ಷೆ ಮಾಡಿದರು. ಮತ್ತದೇ ಫೈನಲ್, ಅದೇ ಕೊನೆಯ ಸೆಕೆಂಡು. ಈ ಸಲ ಎರಡೂ ಕಣ್ಣು ಬಿಟ್ಟುಕೊಂಡು ನೋಡಿದರು. ಇವರ ಹುಡುಗ ಎಸೆದ. ಚೆಂಡು ರಿಂಗಿನ ಸುತ್ತ ಒಂದು ಸುತ್ತು ಬಂತು, ಎರಡು ಸುತ್ತು ಬಂತು, ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿ ಒಳಗೆ ಹೋಗದೆಯೇ ಮನೆಗೆ ಹೊರಟವರ ಹಾಗೆ ಆಚೆ ಇಳಿದುಬಿಟ್ಟಿತು. ಇನ್ನೇನು ಪುರಾವೆ ಬೇಕು? ಭಾವ ಅಂದಿನಿಂದ ಯಾವ ಕೊನೆಯ ಸೆಕೆಂಡನ್ನೂ ನೋಡಲಿಲ್ಲ. ಆ ತಪ್ಪಿದ ಚೆಂಡು ಲೆಕ್ಕಕ್ಕಿಲ್ಲ. ಅವರ ಚರಿತ್ರೆಯಲ್ಲಿ ಬಿದ್ದ ಚೆಂಡುಗಳಿಗೆ ಮಾತ್ರ ಜಾಗ.

ಗೆಳೆಯರೂ ಬಿಡಲಿಲ್ಲ. ಇನ್ನರ್ಧ ನಿಮಿಷ ಇದೆ ಅನ್ನುವಾಗ ಯಾರಾದರೂ ಒಬ್ಬರು ಅವರ ಭುಜ ತಟ್ಟುತ್ತಿದ್ದರಂತೆ. "ಮಗಾ, ಟೈಮಾಯ್ತು, ತಿರುಗು." ಇವರು ಸಂಧ್ಯಾವಂದನೆಗೆ ಕೂರುವವರ ಗಾಂಭೀರ್ಯದಿಂದ ತಿರುಗುತ್ತಿದ್ದರು. ಕಾಲೇಜು ಮುಗಿದ ಮೇಲೂ ತಂಡದವರು ಫೈನಲ್ಲಿನ ದಿನ ಮನೆಗೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಆಡಲು ಬಾರದವನಿಗೆ ಇಷ್ಟು ಬೇಡಿಕೆ ಇನ್ನಾವ ಆಟದಲ್ಲಿ ಉಂಟು? ಕೊನೆಗೆ ಈ ಸುದ್ದಿ ಎದುರಾಳಿ ಕಾಲೇಜಿಗೂ ಹೋಗಿ, ಅಲ್ಲಿಯ ಅಭಿಮಾನಿಗಳು ಒಂದು ವರ್ಷ ಭಾವ ತಿರುಗಿ ನಿಂತ ದಿಕ್ಕಿನಲ್ಲಿ ಗಡ್ಡ ಬೋಳಿಸುವ ಕನ್ನಡಿ ಹಿಡಿದು ನಿಂತರಂತೆ, ಕನ್ನಡಿಯಲ್ಲಾದರೂ ಆಟ ಕಾಣಲಿ ಎಂದು! ಭಾವ ಅಂದಿನಿಂದ ತಿರುಗಿ ನಿಲ್ಲುವುದರ ಜೊತೆಗೆ ಕಣ್ಣನ್ನೂ ಮುಚ್ಚತೊಡಗಿದರು.

ನೋಡದವರು ಇಷ್ಟೊಂದು ವಿವರ ಹೇಗೆ ಹೇಳುತ್ತಾರೆ? ಅದೇ ಅವರ ವಿದ್ವತ್ತು. ಪಂದ್ಯ ಮುಗಿದ ಕೂಡಲೇ ಕಂಡವರನ್ನೆಲ್ಲ ಹಿಡಿದು ನಿಲ್ಲಿಸಿ ಕೇಳುತ್ತಾರೆ. ಎಸೆದವನನ್ನು, ತಡೆಯಲು ಹೋದವನನ್ನು, ಸ್ಕೋರು ಬರೆದವನನ್ನು, ಕೋರ್ಟಿನ ಮೂಲೆಯಲ್ಲಿ ನಿಂತಿದ್ದ ಕಡಲೆಕಾಯಿಯವನನ್ನು. "ಕೈ ಎಲ್ಲಿತ್ತು? ಕಾಲು ನೆಲ ಬಿಟ್ಟಿತ್ತಾ? ಬೋರ್ಡಿಗೆ ತಾಗ್ತಾ?" ಪೊಲೀಸರು ಮಹಜರು ಬರೆಯುವಾಗಲೂ ಇಷ್ಟು ಕೇಳುವುದಿಲ್ಲ. ಕೊನೆಗೆ ಏನಾಗಿದೆಯೆಂದರೆ, ಕಣ್ಣಾರೆ ಕಂಡ ನಾಲ್ಕು ಜನ ಜಗಳವಾಡಿಕೊಂಡರೆ ತೀರ್ಪಿಗೆ ಬರುವುದು ಕಾಣದ ಇವರ ಹತ್ತಿರ!

ಆ ನ್ಯಾಯಾಲಯ ಕೂರುವುದು, ಕೂರುವುದೇನು, ನಿಲ್ಲುವುದು, ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ರಾಜಾಜಿನಗರದ ಒಂದು ದರ್ಶಿನಿಯಲ್ಲಿ. ಹಳೆಯ ಕಾಲೇಜಿನ ಅಭಿಮಾನಿಗಳು ಐದಾರು ಜನ. ಎಲ್ಲರಿಗೂ ಹೊಟ್ಟೆ ಬಂದಿದೆ, ಕೂದಲು ಹೋಗಿದೆ. ಎತ್ತರದ ಸ್ಟೀಲ್ ಮೇಜಿನ ಸುತ್ತ ನಿಂತು ಹಳೆಯ ಬ್ಯಾಸ್ಕೆಟ್ಟುಗಳನ್ನು ಮತ್ತೆ ಹಾಕುತ್ತಾರೆ. ತಟ್ಟೆಯೇ ಕೋರ್ಟು, ಚಮಚಗಳೇ ಆಟಗಾರರು, ನೀರಿನ ಲೋಟದ ಮೇಲೆ ಮಲಗಿಸಿದ ಉದ್ದಿನ ವಡೆಯೇ ರಿಂಗು. ಪೊಂಗಲ್ಲಿನಿಂದ ಆರಿಸಿದ ಮೆಣಸಿನ ಕಾಳು ಚೆಂಡು. ನಾನು ಒಮ್ಮೆ ಹೋಗಿದ್ದೆ. ಯಾರೋ ಎಡಗೈಯಲ್ಲಿ ಹಾಕಿದ ಬ್ಯಾಸ್ಕೆಟ್ಟಿನ ಬಗ್ಗೆ ವಾದ ನಡೆದು ನಡೆದು, ಮೇಜು ಒರೆಸುವಾತ ಮೂರನೇ ಸಲ ಬಂದು ಕೇಳಿದ: "ಸಾರ್, ವಡೆ ತಿಂತೀರಾ, ಇನ್ನೂ ಆಡ್ತೀರಾ?"

"ಎರಡು ಸೆಕೆಂಡು ಇದೆ ತಡಿಯಪ್ಪ," ಅಂದರು ಭಾವ. ಹೇಳಿ, ಅಭ್ಯಾಸಬಲದಿಂದ, ವಡೆಗೆ ಬೆನ್ನು ಹಾಕಿ ನಿಂತರು!

ಭಾವನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕರೆಂಟು ಹೋದ ಬ್ಯಾಸ್ಕೆಟ್ಟು. ಸಂಜೆ ಏಳರ ಹೊತ್ತು, ದೀಪದ ಬೆಳಕಿನಲ್ಲಿ ಸೆಮಿಫೈನಲ್. ಇವರ ಹುಡುಗ ಕೊನೆಯ ಗಳಿಗೆಯಲ್ಲಿ ಎಸೆದ, ಚೆಂಡು ಬೆಳಕಿನಲ್ಲಿ ಮೇಲೇರಿತು, ಕರೆಂಟು ಹೋಯಿತು, ಚೆಂಡು ಕತ್ತಲೆಯಲ್ಲಿ ಇಳಿಯಿತು. ಬಿತ್ತೋ ಇಲ್ಲವೋ? ಮುನ್ನೂರು ಜನರಿಗೂ ಗೊತ್ತಿಲ್ಲ. ರೆಫ್ರಿ ಟಾರ್ಚ್ ಹಾಕಿಕೊಂಡು ಯಾರು ನೋಡಿದಿರಿ ಎಂದು ಕೇಳಿದಾಗ ಭಾವ ಮುಂದೆ ಬಂದರು.

"ಬಿತ್ತು ಸಾರ್. ರಿಂಗಿನ ಬಲಗಡೆ ಒಂಚೂರು ತಾಗಿ ಬಿತ್ತು."

"ಈ ಕತ್ತಲೇಲಿ ನೀನು ಹೇಗಯ್ಯ ನೋಡ್ದೆ?"

"ನಾನು ಬೆಳಕಲ್ಲೂ ನೋಡಲ್ಲ ಸಾರ್."

ರೆಫ್ರಿ ಅವರನ್ನು ಹೊರಗೆ ಹಾಕಿಸುವುದರಲ್ಲಿದ್ದರು. ಅಷ್ಟರಲ್ಲಿ ಎದುರಾಳಿ ತಂಡದ ಕ್ಯಾಪ್ಟನ್ ಪಾಪ, ಪ್ರಾಮಾಣಿಕ ಹುಡುಗ, ತಲೆ ಸವರಿಕೊಳ್ಳುತ್ತಾ ಬಂದು, ತಾನು ನೆಟ್ಟಿನ ಕೆಳಗೇ ನಿಂತಿದ್ದಾಗಿಯೂ ಚೆಂಡು ನೆಟ್ಟಿನಿಂದ ಸೀದಾ ತನ್ನ ನೆತ್ತಿಗೆ ಬಿದ್ದುದಾಗಿಯೂ ಒಪ್ಪಿಕೊಂಡ. ಜಗತ್ತಿನ ಮಿಕ್ಕೆಲ್ಲರೂ ತಮ್ಮಷ್ಟೇ ನೋಡಿದ ಏಕೈಕ ಬ್ಯಾಸ್ಕೆಟ್ಟು ಅದು ಎಂದು ಭಾವನಿಗೆ ಈಗಲೂ ಹೆಮ್ಮೆ.

ಇದೆಲ್ಲ ಆಟದ ಅಂಗಳದಲ್ಲೇ ನಿಂತಿದ್ದರೆ ನನಗೇನೂ ಕಷ್ಟವಿರಲಿಲ್ಲ. ಆದರೆ ಭಾವ ಸಿದ್ಧಾಂತವನ್ನು ಮನೆಯೊಳಕ್ಕೂ ತಂದರು. ಹೆಣ್ಣು ನೋಡಲು ನಮ್ಮ ಮಾವನವರ ಮನೆಗೆ ಬಂದಾಗ, ಒಳಗಿನಿಂದ ಅತ್ತಿಗೆ ಕಾಫಿ ಲೋಟ ಹಿಡಿದು ಬರುವ ಗೆಜ್ಜೆ ಸದ್ದು ಕೇಳಿದ್ದೇ ತಡ, ಈ ಸಂಬಂಧ ಕೂಡಿ ಬರಲಿ ಎಂಬ ಆಸೆ ಹುಟ್ಟಿಬಿಟ್ಟಿತಂತೆ. ಆಸೆ ಹುಟ್ಟಿದ ಮೇಲೆ ನೋಡುವುದುಂಟೇ? ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ಕೂತರು. ಹುಡುಗ ಏಕಾದಶಿ ನೋಡುತ್ತಿದ್ದಾನೆ, ಸಂಪ್ರದಾಯಸ್ಥ ಎಂದು ನಮ್ಮ ಮಾವ ಆ ಕ್ಷಣವೇ ಒಪ್ಪಿದರು. "ಮದುವೆ ಆಗಿ ಒಂದು ತಿಂಗಳಾದ್ಮೇಲೆ ನಂಗೆ ಕೆನ್ನೇಲಿ ಮಚ್ಚೆ ಇದೆ ಅಂತ ಕಂಡುಹಿಡಿದ್ರು," ಎಂದು ಅತ್ತಿಗೆ ಇವತ್ತಿಗೂ ಹೇಳುತ್ತಾರೆ.

ನಮ್ಮ ಮನೆಯ ಗೃಹಪ್ರವೇಶದ ದಿನ ಹಾಲು ಉಕ್ಕಲೇ ಇಲ್ಲ. ಹತ್ತು ನಿಮಿಷವಾಯಿತು, ಹದಿನೈದಾಯಿತು. ಪುರೋಹಿತರು ಗಡಿಯಾರ ನೋಡುತ್ತಿದ್ದಾರೆ, ನನಗೆ ಬೆವರು ಕಿತ್ತುಕೊಂಡು ಬರುತ್ತಿದೆ, ಪಾಯದಲ್ಲೇ ಏನೋ ದೋಷ ಎಂದು ಆಗಲೇ ತೀರ್ಮಾನಿಸಿದ್ದೇನೆ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಇಣುಕುತ್ತಿದ್ದ ಗಂಡನನ್ನು ಕಂಡು, "ರೀ, ನೀವ್ಯಾಕೆ ಅದನ್ನೇ ನೋಡ್ತಾ ನಿಂತಿದೀರಾ, ಆ ಕಡೆ ತಿರುಗಿ," ಅಂದರು. ಭಾವ ತಿರುಗಿದರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು! ಸಿಲಿಂಡರಿನ ರೆಗ್ಯುಲೇಟರ್ ಅರ್ಧವೇ ತಿರುಗಿತ್ತು, ಅದೇ ಹೊತ್ತಿಗೆ ಯಾರೋ ಅದನ್ನು ಪೂರ್ತಿ ತಿರುಗಿಸಿದ್ದರು ಎಂದು ಆಮೇಲೆ ಹೆಂಡತಿ ಹೇಳಿದಳು. ಹೇಳಲಿ. ನಾನು ನೋಡಿದ್ದು ನೋಡಿದೆ.

ಅಂದಿನಿಂದ ನನ್ನ ಅವಸ್ಥೆ ಏನಾಗಿದೆಯೆಂದರೆ, ಬಾಯಲ್ಲಿ ನಾನು ಭಾವನನ್ನು ಗೇಲಿ ಮಾಡುತ್ತೇನೆ, ಹೊಟ್ಟೆಯೊಳಗೆ ನಂಬುತ್ತೇನೆ. ಹೋದ ವರ್ಷ ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟು ಕೈಗೆ ಬಂದಾಗ ಲಕೋಟೆ ಒಡೆಯುವ ಮುಂಚೆ ಲ್ಯಾಬಿನ ಮೆಟ್ಟಿಲ ಮೇಲೆ ನಿಂತು ಅವರಿಗೆ ಫೋನು ಮಾಡಿದೆ. ಭಾವ, ಸ್ವಲ್ಪ ಆ ಕಡೆ ತಿರುಗಿ ಅಂದೆ. ಯಾವ ಕಡೆ, ಯಾಕೆ, ಒಂದೂ ಕೇಳಲಿಲ್ಲ. "ತಿರುಗಿದೀನಿ. ಅಂಗಡೀಲಿ ಕಸ್ಟಮರ್ ಇದಾರೆ, ಬೇಗ ಓದು," ಅಂದರು. ಗ್ಯಾಸ್ಟ್ರಿಕ್ಕು ಬಿಟ್ಟು ಬೇರೇನೂ ಇರಲಿಲ್ಲ. ಯಾರನ್ನು ಹೊಗಳಬೇಕು, ಡಾಕ್ಟರನ್ನೋ ಭಾವನನ್ನೋ?

ಇನ್ನು ಅವರ ಮಗಳು ಸಿಂಚನಾಳ ವಿಷಯ.

ಮನೆಯೊಳಗೆ ಚೆಂಡಾಡಿ ಟ್ಯೂಬ್‌ಲೈಟುಗಳನ್ನು ಒಡೆಯುತ್ತಾಳೆಂದು ಏಳನೇ ವಯಸ್ಸಿಗೆ ಅವಳನ್ನು ಹತ್ತಿರದ ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ಬೇಸಿಗೆ ಶಿಬಿರಕ್ಕೆ ಸೇರಿಸಿದರು. ಅವಳಿಗೆ ಆಟ ಹತ್ತಿತು. ಶಾಲೆಗೆ ಆಡಿದಳು, ಪಿಯುಸಿಯಲ್ಲಿ ಆಡಿದಳು, ಬಿ.ಕಾಂ.ಗೆ ಬಂದ ಮೇಲೆ ಕಾಲೇಜಿನ ಕ್ಯಾಪ್ಟನ್ ಆದಳು. ಈ ಹದಿಮೂರು ವರ್ಷವೂ ಭಾವ ಅವಳನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದಾರೆ. ಒಂದು ಪಂದ್ಯ ತಪ್ಪಿಸಿಲ್ಲ. ಒಂದು ಪಂದ್ಯ ನೋಡಿಲ್ಲ. ಕೋರ್ಟಿನ ಜಾಲರಿಯ ಆಚೆ, ರಸ್ತೆಗೆ ಮುಖ ಮಾಡಿ, ಮೊದಲಿನಿಂದ ಕೊನೆಯವರೆಗೆ ಕೈಕಟ್ಟಿ ನಿಂತಿರುತ್ತಾರೆ.

ಕೊನೆಯ ಸೆಕೆಂಡಿಗೆ ಮಾತ್ರವಿದ್ದ ನಿಯಮ ಇಡೀ ಪಂದ್ಯಕ್ಕೆ ಯಾಕೆ ಹಬ್ಬಿತು ಎಂದು ಒಮ್ಮೆ ಕೇಳಿದ್ದೆ. ಅವರು ವಾಷರ್ ಹುಡುಕುತ್ತಾ, ತಲೆ ಎತ್ತದೆ ಹೇಳಿದರು: "ಬೇರೆಯವರ ಮಕ್ಕಳಾದ್ರೆ ಕೊನೇ ಸೆಕೆಂಡು ಒಂದೇ ಕಣಯ್ಯ. ನಮ್ಮ ಮಗು ಅಂದ್ಮೇಲೆ ಎಲ್ಲಾ ಸೆಕೆಂಡೂ ಕೊನೇ ಸೆಕೆಂಡೇ."

ಚಿಂತೆಯಲ್ಲಿ ನನ್ನನ್ನು ಮೀರಿಸಿದವರು ಜಗತ್ತಿನಲ್ಲಿಲ್ಲ ಎಂದುಕೊಂಡಿದ್ದ ನಾನು ಆ ದಿನ ಮೊದಲ ಸ್ಥಾನ ಬಿಟ್ಟುಕೊಟ್ಟು ಮನೆಗೆ ಬಂದೆ.

ಈ ವರ್ಷ ಸಿಂಚನಾಳ ಕಾಲೇಜು ಅಂತರ ಕಾಲೇಜು ಫೈನಲ್ಲಿಗೆ ಬಂತು. ಆ ವಾರ ಅವಳು ಅಮ್ಮ ಕೊಟ್ಟ ಉಪ್ಪಿನಕಾಯಿ ಬಾಟಲಿ ಹಿಡಿದು ನಮ್ಮ ಮನೆಗೆ ಬಂದಳು. ಬಾಟಲಿ ಕೊಟ್ಟ ಮೇಲೂ ಹೋಗದೆ ಬಾಗಿಲ ಹತ್ತಿರ ನಿಂತಳು. ಇದೇ ಕೊನೆಯ ಟೂರ್ನಮೆಂಟು, ಆಮೇಲೆ ಸಿ.ಎ. ಓದು, ಆಡಿಟರ್ ಆಫೀಸಿನಲ್ಲಿ ತರಬೇತಿ, ಇನ್ನು ಆಡುವುದೆಲ್ಲ ಮುಗಿದ ಹಾಗೆಯೇ ಎಂದಳು. ಅಪ್ಪನನ್ನು ಫೈನಲ್ಲಿಗೆ ಕರೆದುಕೊಂಡು ಬನ್ನಿ ಎಂದಳು. ಅವರು ಹೇಗೂ ಬರುತ್ತಾರಲ್ಲ ಎಂದೆ.

"ಬರ್ತಾರೆ ಚಿಕ್ಕಪ್ಪ. ಆದ್ರೆ ನಂಗೆ ಕಾಣೋದು ಬೆನ್ನು. ಹದಿಮೂರು ವರ್ಷದಿಂದ ಅಪ್ಪನ ಬೆನ್ನು ನೋಡ್ಕೊಂಡೇ ಆಡ್ತಿದೀನಿ. ಒಂದೇ ಒಂದ್ಸಲ ಈ ಕಡೆ ತಿರುಗಿಸಿ, ಸಾಕು."

ನಾನು ತಕ್ಷಣ ಆಗಲಿ ಎನ್ನಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಅಲ್ಲ ಪುಟ್ಟಾ, ತಿರುಗಿ, ಆಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ..."

ಅವಳು ನನ್ನನ್ನೇ ನೋಡಿದಳು. "ನೀವೂನಾ ಚಿಕ್ಕಪ್ಪ?"

ಅಷ್ಟು ಸಾಕಾಯಿತು. ಮಾತು ಕೊಟ್ಟೆ. ಕೊಟ್ಟ ಗಳಿಗೆಯಿಂದ ನನ್ನ ರಕ್ತದೊತ್ತಡ ಏರತೊಡಗಿತು. ಅಂಗಡಿಗೆ ಹೋಗಿ ಭಾವನಿಗೆ ಸುತ್ತಿ ಬಳಸಿ ಹೇಳಿದೆ. ಮೂಢನಂಬಿಕೆ, ವಿಜ್ಞಾನ, ಸಂಭವನೀಯತೆ, ನನಗೆ ಗೊತ್ತಿದ್ದುದನ್ನೆಲ್ಲ ಬಳಸಿದೆ. ಅವರು ಗಿರಾಕಿಗೆ ಮುಕ್ಕಾಲು ಇಂಚಿನ ಪೈಪು ಅಳೆದುಕೊಟ್ಟು, ಸ್ಕ್ಯಾನಿಂಗ್ ರಿಪೋರ್ಟಿನ ದಿನ ಈ ವಿಜ್ಞಾನ ಎಲ್ಲಿ ಹೋಗಿತ್ತು ಎಂದು ಕೇಳಿದರು. ಆಮೇಲೆ ಗಿರಾಕಿ ಹೋಗುವವರೆಗೆ ಕಾದು, ಮೆತ್ತಗೆ ಹೇಳಿದರು: "ನಾನು ನೋಡಿ ಅವಳು ಸೋತ್ರೆ, ಆಮೇಲೆ ಅವಳ ಮುಖ ಹೆಂಗಯ್ಯ ನೋಡ್ಲಿ?"

ಭಾನುವಾರ ಮಧ್ಯಾಹ್ನ ಇಬ್ಬರೂ ಅವರ ಸ್ಕೂಟರಿನಲ್ಲಿ ಕೆಂಗೇರಿಯ ಕಡೆ ಹೊರಟೆವು. ಭಾವ ಫೈನಲ್ಲುಗಳಿಗೆಂದೇ ಇಟ್ಟಿದ್ದ ಹಳೆಯ ನೀಲಿ ಶರ್ಟು ಹಾಕಿದ್ದರು. ಹೊಟ್ಟೆಯ ಹತ್ತಿರದ ಎರಡು ಗುಂಡಿಗಳು ನಿವೃತ್ತಿ ತೆಗೆದುಕೊಂಡು ವರ್ಷಗಳಾಗಿದ್ದವು. ಹಿಂದೆ ಕೂತ ನಾನು ಬಸ್ಸು, ಲಾರಿ, ಗುಂಡಿ, ಬೀದಿನಾಯಿ, ಒಂದೊಂದನ್ನೂ ಅವರಿಗಿಂತ ಮುಂಚೆ ನೋಡಿ ಎಚ್ಚರಿಸುತ್ತಾ ಹೋದೆ. ನಾಗರಭಾವಿ ದಾಟುವಷ್ಟರಲ್ಲಿ ಅವರು ಗಾಡಿ ನಿಲ್ಲಿಸಿ, ಬೇಕಾದರೆ ನೀನೇ ಓಡಿಸು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಕೂರು ಅಂದರು. ಕೂತೆ.

ಒಂದು ಎಂಜಿನಿಯರಿಂಗ್ ಕಾಲೇಜಿನ ಬಯಲು ಕೋರ್ಟು. ಸುತ್ತ ಎತ್ತರದ ತಂತಿ ಜಾಲರಿ. ಜಾಲರಿಯ ಆಚೆ ರಸ್ತೆ ಬದಿಯಲ್ಲಿ ಎಳನೀರಿನ ಗಾಡಿ. ಒಳಗೆ ಕುರ್ಚಿ ಖಾಲಿಯಿದ್ದರೂ ಭಾವ ಹೊರಗೇ ನಿಂತರು, ಎಳನೀರಿನ ರಾಶಿಗೆ ಮುಖ ಮಾಡಿ. ನಾನು ಪಕ್ಕದಲ್ಲಿ, ಕೋರ್ಟಿಗೆ ಮುಖ ಮಾಡಿ. ಆಟ ಶುರುವಾಯಿತು. ನಾನು ವರದಿ ಒಪ್ಪಿಸಲು ಬಾಯಿ ತೆರೆದರೆ ಅವರು ಕೈ ಎತ್ತಿ ತಡೆದರು. ಅವರಿಗೆ ನನ್ನ ಅಗತ್ಯವೇ ಇರಲಿಲ್ಲ. ಚೆಂಡು ನೆಲಕ್ಕೆ ಬಡಿಯುವ ಸದ್ದಿನಲ್ಲೇ, ಇದು ನಮ್ಮ ಹುಡುಗಿ, ಇದು ಅವರ ಕಡೆಯವಳು, ಈಗ ನಮ್ಮವಳು ಎಡಗೈಗೆ ತಗೊಂಡಳು ಎಂದು ಹೇಳುತ್ತಿದ್ದರು. ನಾನು ನೋಡಿ ಪರೀಕ್ಷಿಸಿದೆ. ಒಂದೂ ತಪ್ಪಿರಲಿಲ್ಲ.

ನನ್ನ ಕೆಲಸ ಅವರನ್ನು ತಿರುಗಿಸುವುದು. ಮೊದಲ ಕ್ವಾರ್ಟರಿನಲ್ಲಿ ತಿರುಗಿಸೋಣ ಅಂದುಕೊಂಡೆ. ಸಿಂಚನಾಳ ತಂಡ ಮುಂದಿತ್ತು, ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಕೆಡಿಸಲಿ ಎನಿಸಿತು. ಮೂರನೆಯದರಲ್ಲಿ ತಂಡ ಹಿಂದೆ ಬಿತ್ತು. ಮೊದಲೇ ಹಿಂದಿರುವಾಗ ಇನ್ನಷ್ಟು ಯಾಕೆ ಕೆಡಿಸಲಿ ಎನಿಸಿತು. ಹೇಡಿಗೆ ಎಲ್ಲ ಮುಹೂರ್ತವೂ ರಾಹುಕಾಲವೇ.

ಕೊನೆಗೆ ಏಳು ಸೆಕೆಂಡು ಉಳಿಯಿತು. ಸಿಂಚನಾಳ ತಂಡ ಒಂದು ಪಾಯಿಂಟು ಹಿಂದೆ, ಚೆಂಡು ಅವರದೇ. ಕೋಚು ಟೈಮೌಟು ಕೇಳಿದರು. ಹುಡುಗಿಯರೆಲ್ಲ ಅವರ ಸುತ್ತ ಗುಂಪಾದರು. ಸಿಂಚನಾ ಒಂದು ಗಳಿಗೆ ತಲೆ ಬಗ್ಗಿಸಿ ಕೇಳಿಸಿಕೊಂಡಳು, ಆಮೇಲೆ ಗುಂಪಿನಿಂದ ಬಿಡಿಸಿಕೊಂಡು ಸೀದಾ ಜಾಲರಿಯ ಹತ್ತಿರ ಬಂದಳು. ಅವಳ ಉಸಿರಾಟ ನನಗೆ ಕೇಳಿಸುತ್ತಿತ್ತು.

"ಅಪ್ಪ. ಈ ಕಡೆ ತಿರುಗು."

ಭಾವ ತಿರುಗಲಿಲ್ಲ. ಎಳನೀರಿನ ರಾಶಿಗೇ ಹೇಳಿದರು. "ಬೇಡ ಕಣಮ್ಮ. ಗೆಲ್ಲೋ ಮ್ಯಾಚು."

"ಗೆಲ್ಸು ಅಂತ ಕೇಳ್ತಿಲ್ಲ ಅಪ್ಪ. ನೋಡು ಅಂತ ಕೇಳ್ತಿದೀನಿ."

ಹೇಳಿ ಅವಳು ಹಿಂದಕ್ಕೆ ಹೋದಳು. ನಾನು ಭಾವನ ಭುಜದ ಮೇಲೆ ಕೈಯಿಟ್ಟೆ. ನಂಬಿಕೆ ತಪ್ಪು ಎಂದು ಹೇಳಿದರೆ ಅವರು ತಿರುಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗೆ ಹೇಳುವ ಧೈರ್ಯವೂ ನನಗಿರಲಿಲ್ಲ. ಆಗ ನನ್ನಂಥ ಮನುಷ್ಯನಿಗೆ ಮಾತ್ರ ಹೊಳೆಯಬಹುದಾದ ಉಪಾಯವೊಂದು ಹೊಳೆಯಿತು.

"ಭಾವ, ನೀವು ನೋಡಿ. ನಿಮ್ಮ ಬದಲು ನಾನು ತಿರುಗಿ ನಿಂತ್ಕೋತೀನಿ."

ಭಾವ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು! ಸ್ಟಾಕಿನಲ್ಲಿಲ್ಲದ ನಲ್ಲಿಯ ಬದಲು ಇನ್ನೊಂದು ಕಂಪನಿಯದು ನಡೆಯುತ್ತದೋ ಇಲ್ಲವೋ ಎಂದು ನೋಡುವವರ ಹಾಗೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಕಣ್ಣೂ ಮುಚ್ಕೋತೀಯಾ?"

"ಕೋರ್ಟ್ ಕಡೆ ಒಂದ್ಸಲಾನೂ ತಿರುಗಲ್ಲ," ಅಂದೆ. ಕಣ್ಣಿನ ವಿಷಯಕ್ಕೆ ಉತ್ತರ ಕೊಡಲಿಲ್ಲ.

ವಿಷಲ್ ಆಯಿತು. ನಾನು ರಸ್ತೆಯ ಕಡೆ ತಿರುಗಿದೆ. ಭಾವ ಕೋರ್ಟಿನ ಕಡೆ ತಿರುಗಿದರು. ಹೀಗಾಗಿ ಆ ಏಳು ಸೆಕೆಂಡು ನಾನು ನೋಡಿದ್ದು ಪಕ್ಕದಲ್ಲಿದ್ದ ಅವರ ಮುಖವನ್ನು.

ಮೊದಲು ಹುಬ್ಬು ಗಂಟಿಕ್ಕಿತು, ಎಲ್ಲಿದ್ದಾಳೆ ಎಂದು ಹುಡುಕುವ ಹಾಗೆ. ಆಮೇಲೆ ಸಿಕ್ಕಿದಳು, ಕಣ್ಣು ಎಡಕ್ಕೆ ಓಡಿತು, ನಿಂತಿತು, ಬಲಕ್ಕೆ ಹೊರಳಿತು. ಕೈಬೆರಳುಗಳು ಜಾಲರಿಯ ತೂತುಗಳೊಳಗೆ ಸಿಕ್ಕಿಕೊಂಡವು. ಆಮೇಲೆ ಅವರ ಗಲ್ಲ ನಿಧಾನವಾಗಿ ಮೇಲೇರಿತು, ಕಣ್ಣು ಮೇಲೇರಿತು, ಐವತ್ತಾರು ವರ್ಷದ ಆ ಭಾರದ ದೇಹ ತನಗೇ ಗೊತ್ತಿಲ್ಲದೆ ತುದಿಗಾಲ ಮೇಲೆ ನಿಂತಿತು.

ನನ್ನ ಬೆನ್ನ ಹಿಂದೆ ಟಣ್ ಎಂದಿತು. ಇನ್ನೊಂದು ಟಣ್. ಸರಕ್ ಎನ್ನುವ ಸದ್ದು ಬರಲಿಲ್ಲ. ಚೆಂಡು ನೆಲಕ್ಕೆ ಬಡಿಯಿತು, ಹಾರ್ನ್ ಕೂಗಿತು, ಎದುರಿನ ಕಾಲೇಜಿನವರ ಕಡೆಯಿಂದ ಕಿರುಚಾಟ ಎದ್ದಿತು. ಏನೂ ಗೊತ್ತಾಗದ ನನ್ನ ಕಿವಿಗೂ ಗೊತ್ತಾಯಿತು.

ಭಾವನ ಮುಖ ಕುಸಿಯುವುದನ್ನು ನೋಡಬೇಕಲ್ಲ ಎಂದು ಹೆದರಿ ಕಾದೆ. ಅದು ಕುಸಿಯಲಿಲ್ಲ. ಅವರ ಕಣ್ಣು ಇನ್ನೂ ಮೇಲೆಯೇ ಇತ್ತು. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಕೆಳಗಿಳಿಯಿತು.

"ಎಷ್ಟೆತ್ತರ ಹಾರ್ತಾಳಯ್ಯ," ಅಂದರು.

ಅವರು ನನ್ನ ಕಡೆ ತಿರುಗಿ, ಏನೋ ನೆನಪಾದವರ ಹಾಗೆ ಕೇಳಿದರು: "ಅಂದಂಗೆ, ಬಾಲ್ ಬಿತ್ತಾ?"

ಕತ್ತಲೆಯಲ್ಲಿ ಚೆಂಡು ರಿಂಗಿನ ಬಲಗಡೆ ತಾಗಿತು ಎಂದು ಹೇಳಿದ ಕಿವಿ, ಕೋರ್ಟಿಗೆ ಬೆನ್ನು ಹಾಕಿ ನಿಂತವನನ್ನು ಕೇಳುತ್ತಿತ್ತು. ಇಲ್ಲ ಭಾವ ಅಂದೆ. ಅವರು, ಹೌದಾ ಅಂದರು, ಹೋಟೆಲಿನಲ್ಲಿ ಇಡ್ಲಿ ಖಾಲಿಯಾಗಿದೆ ಎಂದು ಕೇಳಿದವರ ಹಾಗೆ.

ಸಿಂಚನಾ ಬಂದಳು. ಜಾಲರಿಗೆ ಹಣೆ ಆನಿಸಿ ನಿಂತಳು. ಕಣ್ಣು ಕೆಂಪಾಗಿತ್ತು.

"ಸೋತ್ವಿ ಅಪ್ಪ."

ಭಾವ ಜಾಲರಿಯ ತೂತಿನಿಂದ ಎರಡು ಬೆರಳು ತೂರಿಸಿ ಅವಳ ಹಣೆಯ ಬೆವರು ಒರೆಸಿದರು. "ಇಷ್ಟು ವರ್ಷ ಕಂಡೋರನ್ನೆಲ್ಲ ಕೇಳಿದೀನಿ, ಕೈ ಎಲ್ಲಿತ್ತು, ಕಾಲು ಎಲ್ಲಿತ್ತು ಅಂತ. ನೀನು ಹಾರಿದಾಗ ಮೇಲೆ ಒಂದು ಗಳಿಗೆ ನಿಂತ್ಕೋತೀಯ ಅಂತ ಒಬ್ರೂ ಹೇಳ್ಲಿಲ್ವಲ್ಲೇ ನಂಗೆ."

ಅವಳು ಮೂಗು ಸೇದಿಕೊಂಡಳು. ಅಪ್ಪನ ಮುಖವನ್ನು, ಪರಿಚಯವಿಲ್ಲದ ಜಾಗವನ್ನು ನೋಡುವ ಹಾಗೆ ನೋಡಿದಳು.

"ಇನ್ನೊಂದ್ಸಲ ಹಾರು," ಅಂದರು ಭಾವ.

"ಬಾಲ್ ಇಲ್ಲ ಅಪ್ಪ."

"ಬಾಲ್ ಯಾರಿಗೆ ಬೇಕು."

ಒಳಗೆ ಬಹುಮಾನ ವಿತರಣೆಗೆ ಕುರ್ಚಿ ಜೋಡಿಸುತ್ತಿದ್ದರು. ಸಿಂಚನಾ ಜೆರ್ಸಿಯ ಅಂಚಿನಿಂದ ಮುಖ ಒರೆಸಿಕೊಂಡು ರಿಂಗಿನ ಹತ್ತಿರ ಹೋದಳು. ಎರಡು ಹೆಜ್ಜೆ ಓಡಿ, ಬರಿಗೈಯಲ್ಲಿ ಹಾರಿದಳು.

ಈ ಸಲ ನಾನೂ ನೋಡಿದೆ. ಮೇಲೆ ಒಂದು ಗಳಿಗೆ ನಿಲ್ಲುತ್ತಾಳೆ, ನಿಜ.